ಎಲೆಯ ಮುಖ, ಎಲೆಯ ಬೆನ್ನು

ಇಸ್ಪೀಟು ಎಂದೊಡನೆ ನಮ್ಮಲ್ಲಿ ಅನೇಕರ ಹುಬ್ಬು ಗಂಟಿಕ್ಕುತ್ತದೆ. ಮನೆ ಹಾಳು ಮಾಡುವ ಆಟ ಎಂಬ ಕೆಟ್ಟ ಹೆಸರು ಅದಕ್ಕೆ ಅಂಟಿ ಬಹಳ ಕಾಲವಾಯಿತು. ಆದರೂ ತುಮಕೂರು, ಮಂಡ್ಯ, ಹಾಸನದ ಕಡೆಯ ಊರುಗಳಲ್ಲಿ ಯುಗಾದಿ ಬಂತೆಂದರೆ ಬೇವುಬೆಲ್ಲದ ಬೆನ್ನಿಗೇ ಎಲೆಯ ಕಟ್ಟೂ ಹೊರಬರುತ್ತದೆ. ಕೆಲವೊಮ್ಮೆ ಅದರ ಬೆನ್ನಿಗೆ ಪೊಲೀಸರ ಜೀಪೂ ಬರುತ್ತದೆ. ಈ ಗದ್ದಲದಲ್ಲಿ ಎಲೆಯನ್ನು ಒಂದು ವಸ್ತುವಾಗಿ ನೋಡುವ ಪುರುಸೊತ್ತು ಯಾರಿಗೂ ಇಲ್ಲ. ಅಂಗಡಿಯಲ್ಲಿ ಕಟ್ಟು ಸಿಗುತ್ತದೆ, ಎಲೆಯ ಮೂಲೆ ಮುರಿದರೆ ಎಸೆದು ಇನ್ನೊಂದು ತರುತ್ತೇವೆ, ಅಷ್ಟೇ.

ಆದರೆ ಯಂತ್ರದಿಂದ ಅಚ್ಚಾದ ಎಲೆಗಳು ನಮ್ಮ ಪೇಟೆಗೆ ಬರುವ ಮೊದಲು ಒಂದೊಂದು ಎಲೆಯನ್ನೂ ಯಾರೋ ಕೈಯಲ್ಲಿ ಮಾಡಬೇಕಾಗಿತ್ತು. ಬಟ್ಟೆಗೆ ಸರಿ ಹಚ್ಚಿ, ಒಣಗಿಸಿ, ಉಜ್ಜಿ, ಕತ್ತರಿಸಿ, ಬಣ್ಣ ಕೊಟ್ಟು, ಅರಗಿನ ಮೆರುಗು ಹಾಕಿ ತಯಾರಿಸಿದ ಗುಂಡನೆಯ ಎಲೆಗಳಿಗೆ ಗಂಜೀಫಾ ಎಂದು ಹೆಸರು. ಮೈಸೂರು ಈ ವಿದ್ಯೆಗೆ ಹೆಸರಾದ ಜಾಗ. ಅದರ ಸಾಮಗ್ರಿಯಲ್ಲಿ ಹೆಚ್ಚಿನದು ಇವತ್ತೂ ಯಾವುದೇ ಹಳ್ಳಿಮನೆಯಲ್ಲಿ ಸಿಗುವಂಥದು. ಮನೆಯಲ್ಲಿ ಎಲೆ ಮಾಡಲು ಕುಳಿತವರಿಗೆ ಮೊದಲ ದಿನವೇ ಗೊತ್ತಾಗುವ ಒಂದು ಸಂಗತಿ ಉಂಟು: ಚಿತ್ರ ಬರೆಯುವುದು ಸುಲಭ, ಕಷ್ಟ ಇರುವುದು ಬೆನ್ನಿನಲ್ಲಿ. ಐವತ್ತೆರಡು ಮುಖಗಳು ಬೇರೆ ಬೇರೆಯಾಗಿರಬೇಕು, ಐವತ್ತೆರಡು ಬೆನ್ನುಗಳು ಒಂದೇ ಆಗಿರಬೇಕು. ಆಟದ ನ್ಯಾಯವೆಲ್ಲ ಈ ಎರಡನೆಯ ಮಾತಿನಲ್ಲಿದೆ.

ದೊರೆಗಳ ಆಟ, ದೇವರ ಆಟ

ಭಾರತದಲ್ಲಿ ಗಂಜೀಫಾದ ಮಾತು ಮೊದಲು ಕೇಳಿಬರುವುದು ಬಾಬರನ ದಿನಚರಿಯಲ್ಲಿ. ಸಿಂಧದ ದೊರೆ ಶಾ ಹಸನನಿಗೆ ಈ ಆಟ ಇಷ್ಟವೆಂದೂ ಅವನು ಕೇಳಿದ್ದರಿಂದ ಎಲೆಗಳನ್ನು ಕಳುಹಿಸಿಕೊಟ್ಟೆನೆಂದೂ 1527ರಲ್ಲಿ ಬಾಬರ್ ಬರೆದಿದ್ದಾನೆ. ಅವನ ಮೊಮ್ಮಗ ಅಕ್ಬರನ ಕಾಲಕ್ಕೆ ಆಟ ಆಸ್ಥಾನದಲ್ಲಿ ಬೇರು ಬಿಟ್ಟಿತ್ತು. ಅಬುಲ್ ಫಜಲ್ ತನ್ನ 'ಐನ್-ಎ-ಅಕ್ಬರಿ'ಯಲ್ಲಿ ಅದನ್ನು ವಿವರವಾಗಿ ದಾಖಲಿಸಿದ್ದಾನೆ. ಹಳೆಯ ಕಟ್ಟಿನಲ್ಲಿ ಹನ್ನೆರಡು ಜಾತಿ, ಜಾತಿಗೆ ಹನ್ನೆರಡು ಎಲೆ, ಒಟ್ಟು 144. ಅಶ್ವಪತಿ, ಗಜಪತಿ, ನರಪತಿ, ಧನಪತಿ ಎಂದು ಮೊದಲಾಗುವ ಆ ಜಾತಿಗಳ ಹೆಸರುಗಳೇ, ಆಟ ಈ ನೆಲದ ಭಾಷೆಯನ್ನು ಎಷ್ಟು ಬೇಗ ಕಲಿತಿತು ಎಂಬುದನ್ನು ಹೇಳುತ್ತವೆ. ಆಮೇಲೆ ಹೆಚ್ಚು ಬಳಕೆಗೆ ಬಂದದ್ದು ಎಂಟು ಜಾತಿಯ, 96 ಎಲೆಗಳ ಕಟ್ಟು. ಅದರ ಜಾತಿಗಳಲ್ಲಿ ಕಿರೀಟ, ಕತ್ತಿ, ಬೆಳ್ಳಿ ನಾಣ್ಯ, ಚಿನ್ನದ ನಾಣ್ಯಗಳ ಜೊತೆಗೆ 'ಗುಲಾಮ್' ಎಂಬುದೂ ಒಂದು. ಇಂದಿನ ಇಸ್ಪೀಟಿನ ಜಾಕಿಯನ್ನು ಗುಲಾಮ ಎಂದು ಕರೆಯುವಾಗ ನಾವು ಅದೇ ಪದವನ್ನು ಬಳಸುತ್ತೇವೆ.

ದಖ್ಖನಿನಲ್ಲೂ ಒಡಿಶಾ, ಬಂಗಾಳಗಳಲ್ಲೂ ಆಟ ಇನ್ನೊಂದು ರೂಪ ಪಡೆಯಿತು. ನಾಣ್ಯ, ಕತ್ತಿಗಳ ಜಾಗಕ್ಕೆ ವಿಷ್ಣುವಿನ ಹತ್ತು ಅವತಾರಗಳು ಬಂದವು. ಹತ್ತು ಜಾತಿ, ಜಾತಿಗೆ ಹನ್ನೆರಡು, ಒಟ್ಟು 120 ಎಲೆ. ಪ್ರತಿ ಅವತಾರಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ. ಉಳಿದ ಹತ್ತು ಎಲೆಗಳು ಒಂದರಿಂದ ಹತ್ತರವರೆಗಿನ ಎಣಿಕೆಯವು. ಮತ್ಸ್ಯಾವತಾರದ ಎಲೆಗಳ ಮೇಲೆ ಮೀನು, ಕೂರ್ಮದ ಮೇಲೆ ಆಮೆ, ಪರಶುರಾಮನ ಮೇಲೆ ಕೊಡಲಿ. ಊರಿಂದೂರಿಗೆ ಚಿಹ್ನೆಗಳು ಬದಲಾಗುತ್ತವೆ, ಲೆಕ್ಕ ಬದಲಾಗುವುದಿಲ್ಲ.

ಆಡುವವರು ಮೂವರು, ತಲೆಗೆ ನಲವತ್ತು ಎಲೆ. ಒಂದು ಎಲೆ ಇಳಿದರೆ ಅದೇ ಜಾತಿಯ ಹೆಚ್ಚಿನ ಎಲೆ ಗೆಲ್ಲುತ್ತದೆ. ತುರುಪು ಎಂಬುದಿಲ್ಲ. ಆದರೆ ಒಂದು ಸ್ವಾರಸ್ಯವಿದೆ. ಅರ್ಧ ಜಾತಿಗಳಲ್ಲಿ ರಾಜ, ಮಂತ್ರಿಯ ನಂತರ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದ ಅರ್ಧದಲ್ಲಿ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಕೆಳಗೆ. ಆಟ ಆರಂಭಿಸುವವರು ಯಾರು ಎಂಬುದನ್ನು ಸೂರ್ಯ ನಿರ್ಧರಿಸುತ್ತಾನೆ: ಹಗಲಿನಲ್ಲಿ ರಾಮ ಯಾರ ಕೈಯಲ್ಲಿದ್ದಾನೋ ಅವರು, ರಾತ್ರಿಯಲ್ಲಿ ಕೃಷ್ಣ ಯಾರ ಕೈಯಲ್ಲಿದ್ದಾನೋ ಅವರು. ಸೂರ್ಯವಂಶದ ರಾಮ ಹಗಲಿಗೆ, ನಡುರಾತ್ರಿಯಲ್ಲಿ ಹುಟ್ಟಿದ ಕೃಷ್ಣ ಇರುಳಿಗೆ. ಆಡುತ್ತ ಆಡುತ್ತ ಮಕ್ಕಳಿಗೆ ಅವತಾರಗಳ ಕ್ರಮವೂ ಏರಿಳಿವ ಎಣಿಕೆಯೂ ಬಾಯಿಗೆ ಬರುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಮೈಸೂರಿನ ಛದ

ಈ ಆಟವನ್ನು ಎಲ್ಲರಿಗಿಂತ ದೂರ ಕೊಂಡೊಯ್ದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಬಾಲಕನಾಗಿ ಪಟ್ಟವೇರಿದ ಅವರಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡರು. ರಾಜ್ಯವಿಲ್ಲದ ರಾಜನಾಗಿ 1868ರವರೆಗೆ ಬದುಕಿದ ಒಡೆಯರು ತಮ್ಮ ಬುದ್ಧಿಯನ್ನು ವಿದ್ಯೆ, ಕಲೆ, ಆಟಗಳ ಕಡೆಗೆ ಹರಿಯಬಿಟ್ಟರು. ಚದುರಂಗದ ಕುದುರೆ ಅರವತ್ನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಲೆಕ್ಕಗಳಲ್ಲಿ ಅವರಿಗೆ ವಿಶೇಷ ಆಸಕ್ತಿ. ಅವರ ಹೆಸರಿನಲ್ಲಿರುವ 'ಶ್ರೀತತ್ತ್ವನಿಧಿ' ಎಂಬ ಬೃಹತ್ ಸಚಿತ್ರ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಎಲೆಯಾಟಗಳ ವಿವರ ಇರುವುದು ಅದರಲ್ಲೇ.

ಅಲ್ಲಿ ಹೇಳಿರುವ ಆಟಗಳು ಒಂದೆರಡಲ್ಲ. 36 ಎಲೆಗಳ ಚಿಕ್ಕ ಕಟ್ಟಿನಿಂದ 360 ಎಲೆಗಳ ಮಹಾಕಟ್ಟಿನವರೆಗೆ ಬಗೆಬಗೆಯವು ಇವೆ. ಚಾಮುಂಡೇಶ್ವರಿ, ನವಗ್ರಹಗಳು, ಪಂಚಪಾಂಡವರು, ಹೀಗೆ ಪುರಾಣವೇ ಎಲೆಗಳಾಗಿ ಹರಡಿಕೊಂಡಿದೆ. ಈ ಆಟಗಳಿಗೆ 'ಛದ' ಎಂದು ಹೆಸರು. ಮಾತಿನಲ್ಲಿ ಅದು 'ಚದ್' ಆಯಿತು. ಸಂಸ್ಕೃತದಲ್ಲಿ ಛದ ಎಂದರೆ ಎಲೆ. ಹೊದಿಕೆ, ಮುಚ್ಚುವಂಥದು ಎಂಬ ಅರ್ಥವೂ ಉಂಟು. ಕನ್ನಡದಲ್ಲಿ ನಾವೂ ಇಸ್ಪೀಟಿನ ಕಾರ್ಡಿಗೆ 'ಎಲೆ' ಎಂದೇ ಹೇಳುತ್ತೇವೆ. ಆದರೆ ಹೊದಿಕೆ ಎಂಬ ಎರಡನೆಯ ಅರ್ಥದಲ್ಲಿ ಎಲೆಯ ಸ್ವಭಾವ ಇನ್ನೂ ಚೆನ್ನಾಗಿ ಹಿಡಿದಂತಿದೆ. ತೋರಿಸುವುದು ಎಲೆಯ ಅರ್ಧ ಕೆಲಸ, ಮುಚ್ಚಿಡುವುದು ಇನ್ನರ್ಧ.

ಅರಮನೆಯ ಎಲೆಗಳಿಗೆ ದಂತವೂ ಆಮೆಚಿಪ್ಪೂ ಬಳಕೆಯಾದದ್ದುಂಟು. ಅವು ದರ್ಬಾರಿ ಗಂಜೀಫಾ. ಜನಸಾಮಾನ್ಯರು ಆಡುತ್ತಿದ್ದುದು ಬಟ್ಟೆ ಅಥವಾ ಕಾಗದದ ಬಜಾರಿ ಗಂಜೀಫಾ. ನಮ್ಮ ಮನೆಗೆ ಬೇಕಾದದ್ದು ಈ ಎರಡನೆಯದು.

ಹುಣಸೆಬೀಜದಿಂದ ಆರಂಭ

ಶಿರಾ ತಾಲ್ಲೂಕಿನ ತಾವರೆಕೆರೆಯಂಥ ಊರಿನಲ್ಲಿ ಎಲೆ ಮಾಡಲು ಹೊರಟವರು ಸಾಮಾನು ಹುಡುಕಿ ಬಹುದೂರ ಹೋಗಬೇಕಾಗಿಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಲ್ಲವೂ ಹುಣಸೆಯ ಸೀಮೆ. ಹಣ್ಣನ್ನು ಕುಟ್ಟಿ ಬೀಜ ತೆಗೆಯುವ ಕಾಲದಲ್ಲಿ ಮನೆಮನೆಯ ಅಂಗಳದಲ್ಲೂ ಬೀಜದ ರಾಶಿ. ಅದೇ ಬೀಜವನ್ನು ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿ ಚೌಕಾಬಾರಕ್ಕೆ ದಾಳವಾಗಿ ಬಳಸುವುದು ನಮಗೆ ಗೊತ್ತು. ಎಲೆಯಾಟದಲ್ಲಿ ಅದಕ್ಕೆ ಬೇರೆ ಕೆಲಸ: ಅದು ಅಂಟು.

ಬೀಜವನ್ನು ಬಾಣಲೆಯಲ್ಲಿ ಹುರಿದರೆ ಮೇಲಿನ ಕಂದು ಸಿಪ್ಪೆ ಸಡಿಲವಾಗುತ್ತದೆ. ಕುಟ್ಟಿ ಸಿಪ್ಪೆ ತೆಗೆದು, ಒಳಗಿನ ಬಿಳಿ ಬೇಳೆಯನ್ನು ರಾತ್ರಿಯಿಡೀ ನೆನೆಸಿ ನುಣ್ಣಗೆ ರುಬ್ಬಬೇಕು. ನೀರು ಬೆರೆಸಿ, ತಳ ಹಿಡಿಯದಂತೆ ತಿರುವುತ್ತ ಕಾಯಿಸಿದರೆ ರಾಗಿ ಅಂಬಲಿಯ ಹದಕ್ಕೆ ಬರುತ್ತದೆ. ಬಟ್ಟೆಯಲ್ಲಿ ಸೋಸಿಕೊಂಡರೆ ಗಂಟಿಲ್ಲದ ಸರಿ ಸಿದ್ಧ. ಒಡಿಶಾದ ಚಿತ್ರಕಾರರು ಪಟಚಿತ್ರಕ್ಕೂ ಗಂಜೀಫಾಕ್ಕೂ ಬಟ್ಟೆಯನ್ನು ಹದಗೊಳಿಸುವುದು ಈ ಸರಿಯಿಂದಲೇ. ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಹುಳು ಬೀಳದಿರಲೆಂದು ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಮಕ್ಕಳು ಹಿಡಿಯುವ ಎಲೆಗೆ ಸಲ್ಲದು. ಚೆನ್ನಾಗಿ ಒಣಗಿಸಿ, ಮೆರುಗು ಹಾಕಿ, ಡಬ್ಬಿಯಲ್ಲಿಟ್ಟರೆ ಸಾಕು.

ಎಲೆಯ ಮೈಯನ್ನು ಎರಡು ಬಗೆಯಲ್ಲಿ ಕಟ್ಟಬಹುದು. ಗುಂಡನೆಯ ಗಂಜೀಫಾ ಬೇಕಾದರೆ ಹಳೆಯ ಹತ್ತಿಯ ಪಂಚೆಯೇ ಒಳ್ಳೆಯದು. ಒಗೆದು ಒಗೆದು ಅದರ ಗಂಜಿಯೆಲ್ಲ ಹೋಗಿರುತ್ತದೆ. ಒಂದು ಪದರದ ಮೇಲೆ ಸರಿ ಬಳಿದು ಇನ್ನೊಂದು ಪದರ ಕೂರಿಸಿ, ಒಣಗಿದ ಮೇಲೆ ಸೀಮೆಸುಣ್ಣದ ಪುಡಿಯನ್ನು ಅದೇ ಸರಿಯಲ್ಲಿ ಕಲಸಿ ಎರಡೂ ಬದಿಗೆ ತೆಳುವಾಗಿ ಬಳಿಯಬೇಕು. ಒಣಗಿದ ಬಟ್ಟೆಯನ್ನು ಮಣೆಯ ಮೇಲೆ ಹರಡಿ ನುಣುಪಾದ ಹೊಳೆಗಲ್ಲಿನಿಂದ ಉಜ್ಜಿದರೆ ಅದು ಚರ್ಮದಂತೆ ಬಿಗಿಯಾಗಿ, ಕಾಗದದಂತೆ ನಯವಾಗಿ ನಿಲ್ಲುತ್ತದೆ. ಆಮೇಲೆ ಲೋಟದ ಬಾಯಿ ಅಳತೆಗಿಟ್ಟು ಗುಂಡಗೆ ಕತ್ತರಿಸುವುದು.

ಚೌಕದ ಇಸ್ಪೀಟೆಲೆ ಬೇಕಾದರೆ ಕಾಗದ ಸಾಕು. ಪೇಟೆಯ ಎಲೆಯ ದಪ್ಪ ಸುಮಾರು 0.3 ಮಿಲಿಮೀಟರು, ನೋಟುಪುಸ್ತಕದ ಹಾಳೆ ಸುಮಾರು 0.1. ಮೂರು ಹಾಳೆ ಅಂಟಿಸಿದರೆ ಲೆಕ್ಕ ಸರಿಹೋಯಿತು. ಇನ್ನೂ ದಪ್ಪ ಇದ್ದರೆ ಗಟ್ಟಿಯಲ್ಲವೇ ಎಂದು ಐದು ಹಾಳೆ ಸೇರಿಸಿದರೆ 52 ಎಲೆಯ ಕಟ್ಟು ಒಂದು ಅಂಗುಲ ಮೀರುತ್ತದೆ. ಕೈಯಲ್ಲಿ ಹಿಡಿದು ಕಲಸಲು ಆಗುವುದಿಲ್ಲ. ಗುಂಡು ಎಲೆಗಳಿಗೆ ಈ ತೊಂದರೆಯಿಲ್ಲ. ಅವನ್ನು ಬಟ್ಟೆಯ ಮೇಲೆ ಬೋರಲಾಗಿ ಹರಡಿ ಎರಡೂ ಕೈಯಿಂದ ಕಲೆಸುತ್ತಾರೆ. ಅಳತೆ ಬೇಕಾದವರಿಗೆ: ಪೇಟೆಯ ದೊಡ್ಡ ಎಲೆ 63 ಮಿಲಿಮೀಟರು ಅಗಲ, 88 ಮಿಲಿಮೀಟರು ಉದ್ದ, ಸಣ್ಣದು 57 ಅಗಲ, ಉದ್ದ ಅಷ್ಟೇ.

ಕಾಗದಕ್ಕೂ ಮರದಂತೆ ನಾರಿನ ದಿಕ್ಕು ಇರುತ್ತದೆ. ಒಂದು ಕಡೆಗೆ ಸುಲಭವಾಗಿ ಬಾಗುತ್ತದೆ, ಇನ್ನೊಂದು ಕಡೆಗೆ ಹಟ ಮಾಡುತ್ತದೆ. ಮೂರು ಹಾಳೆಗಳ ನಾರೂ ಒಂದೇ ದಿಕ್ಕಿಗೆ ಇರಬೇಕು, ಇಲ್ಲವಾದರೆ ಒಣಗುವಾಗ ಎಲೆ ತಿರುಚಿಕೊಳ್ಳುತ್ತದೆ. ಅಂಟಿಸಿದ್ದನ್ನು ಬಿಸಿಲಿಗೆ ಇಡಬಾರದು. ಎರಡು ಮಣೆಗಳ ನಡುವೆ ಹಾಕಿ, ಮೇಲೆ ರುಬ್ಬುಗುಂಡು ಹೇರಿ, ನೆರಳಿನಲ್ಲಿ ಎರಡು ದಿನ ಬಿಡಬೇಕು. ಒಂದು ಬದಿಗೆ ಬಣ್ಣವೋ ಮೆರುಗೋ ಹಚ್ಚಿ ಇನ್ನೊಂದು ಬದಿಯನ್ನು ಬರಿದೆ ಬಿಟ್ಟರೂ ಮಳೆಗಾಲದಲ್ಲಿ ಎಲೆ ಹಪ್ಪಳದಂತೆ ಸುರುಳಿಯಾಗುತ್ತದೆ. ಆದ್ದರಿಂದ ಮುಖಕ್ಕೆ ಮಾಡಿದ್ದನ್ನು ಬೆನ್ನಿಗೂ ಮಾಡಬೇಕು.

ಐದುನೂರ ಐವತ್ತು ಗುರುತುಗಳು

ಇನ್ನು ಮುಖದ ಕೆಲಸ. ಗಂಜೀಫಾ ಎಂದಾಗ ನಮಗೆ ನೆನಪಾಗುವುದು ಸಿಂಹಾಸನದ ಮೇಲೆ ಕುಳಿತ ರಾಜ. ಆದರೆ ದಶಾವತಾರದ 120 ಎಲೆಗಳಲ್ಲಿ ರಾಜರು ಹತ್ತು, ಮಂತ್ರಿಗಳು ಹತ್ತು. ಉಳಿದ ನೂರು ಎಣಿಕೆಯ ಎಲೆಗಳು. ಒಂದರಿಂದ ಹತ್ತರವರೆಗೆ ಕೂಡಿದರೆ 55. ಹತ್ತು ಜಾತಿಗೆ 550 ಗುರುತುಗಳು. ಅಂದರೆ ಇಪ್ಪತ್ತು ಚಿತ್ರ ಬರೆಯುವ ಕಲಾವಿದನೇ ಮೀನನ್ನು 55 ಸಲ, ಆಮೆಯನ್ನು 55 ಸಲ ಬರೆಯಬೇಕು, ಒಂದು ಮೀನು ಇನ್ನೊಂದರಂತೆಯೇ ಇರಬೇಕು. ಇಂಥ ಕಡೆ ಕೈಬರಹ ದಣಿಯುತ್ತದೆ, ಅಚ್ಚು ನೆನಪಾಗುತ್ತದೆ.

ಯುರೋಪಿನವರು ಹದಿನೈದನೆಯ ಶತಮಾನದಲ್ಲೇ ಎಲೆಗಳನ್ನು ಮರದ ಅಚ್ಚಿನಿಂದ ಮುದ್ರಿಸುತ್ತಿದ್ದರು. ಗೆರೆಗಳನ್ನು ಅಚ್ಚಿನಿಂದ ಒತ್ತಿ, ತಗಡು ಅಥವಾ ಕಾಗದದಲ್ಲಿ ಕೊರೆದ ತೂತುಗಳ ಮೂಲಕ ಬಣ್ಣ ತುಂಬುವುದು ಅವರ ಕ್ರಮ. ರಂಗೋಲಿ ಹಾಳೆ ಇಟ್ಟು ಪುಡಿ ಉದುರಿಸುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಎರಡನ್ನೂ ಬಳಸಬಹುದು. ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಬಣ್ಣದಲ್ಲಿ ಅದ್ದಿ ಒತ್ತಿದರೆ ಹೂವು ಮೂಡುವುದನ್ನು ಶಾಲೆಯ ಮಕ್ಕಳೆಲ್ಲ ಮಾಡಿ ನೋಡಿರುತ್ತಾರೆ. ಅದು ಚೆಂದ, ಆದರೆ ಕಾಯಿ ಬಾಡಿದಂತೆ ಹೂವೂ ಬಾಡುತ್ತದೆ, ಐವತ್ತೈದನೆಯದು ಮೊದಲಿನಂತಿರುವುದಿಲ್ಲ. ಆಲೂಗೆಡ್ಡೆಯದೂ ಅದೇ ಕಥೆ. ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಕೊರೆದ ಅಚ್ಚು ಇಡೀ ಕಟ್ಟಿಗೆ ಬಾಳುತ್ತದೆ. ಕೊರೆಯುವಾಗ ಒಂದು ಮಾತು ನೆನಪಿರಲಿ: ಅಚ್ಚಿನ ಎಡ ಎಲೆಯ ಮೇಲೆ ಬಲವಾಗುತ್ತದೆ. ಮೀನು ಹೇಗೆ ತಿರುಗಿದರೂ ಮೀನೇ. ಅಂಕಿ, ಅಕ್ಷರಗಳನ್ನು ಮಾತ್ರ ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಯೇ ಕೊರೆಯಬೇಕು.

ಬಣ್ಣಗಳಲ್ಲಿ ಹಳಬರು ಹಿಂಗುಳ, ಹರಿತಾಳಗಳನ್ನು ಬಳಸುತ್ತಿದ್ದರು. ಹೊಳಪೇನೋ ಉಂಟು, ಆದರೆ ಮೊದಲನೆಯದರಲ್ಲಿ ಪಾದರಸ, ಎರಡನೆಯದರಲ್ಲಿ ಪಾಷಾಣದ ಅಂಶವಿದೆ. ಮನೆಗೆ ಕಾವಿ, ಕಾಡಿಗೆ, ನೀಲಿ ಮತ್ತು ಬಿಳಿ ಸಾಕು. ಇವುಗಳ ಬೆರಕೆಯಲ್ಲೇ ಬೇಕಾದಷ್ಟು ಛಾಯೆ ಬರುತ್ತವೆ. ಗಂಜೀಫಾದಲ್ಲಿ ಜಾತಿಗೊಂದು ನೆಲದ ಬಣ್ಣ ಇರುತ್ತದೆ. ದೂರದಿಂದ ನೋಡಿದ ತಕ್ಷಣ ಜಾತಿ ತಿಳಿಯಲಿ ಎಂಬುದು ಅದರ ಉಪಾಯ.

ಮುದ್ರಣಕ್ಕೂ ಸರ್ಕಾರಕ್ಕೂ ನಂಟು ಬೆಳೆದ ಒಂದು ಕಥೆಯನ್ನೂ ಇಲ್ಲಿ ಹೇಳಬೇಕು. ಇಂಗ್ಲೆಂಡಿನಲ್ಲಿ ಎಲೆಯ ಕಟ್ಟಿಗೆ ತೆರಿಗೆ ಇತ್ತು. ತೆರಿಗೆ ಸಂದಾಯವಾಗಿದೆ ಎಂಬುದಕ್ಕೆ ಇಸ್ಪೀಟು ಎಕ್ಕವೇ ರಸೀತಿ; ಹದಿನೆಂಟನೆಯ ಶತಮಾನದಲ್ಲಿ ಆ ಎಲೆಯನ್ನು ಮುದ್ರಿಸುವ ಹಕ್ಕು ಸರ್ಕಾರದ ಕೈ ಸೇರಿತು. ಉಳಿದ 51ನ್ನು ಎಲೆಗಾರ ಅಚ್ಚು ಹಾಕಬಹುದು, ಎಕ್ಕ ಹಾಕುವಂತಿಲ್ಲ. ಎಕ್ಕವನ್ನು ಕದ್ದು ಮುದ್ರಿಸಿದ ತಪ್ಪಿಗೆ ರಿಚರ್ಡ್ ಹಾರ್ಡಿಂಗ್ ಎಂಬಾತನನ್ನು 1805ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿಸಿದರು. ತೆರಿಗೆ ಹೋಗಿ ಬಹುಕಾಲವಾದರೂ ನಮ್ಮ ಅಂಗಡಿಯ ಕಟ್ಟಿನಲ್ಲಿ ಇವತ್ತೂ ಇಸ್ಪೀಟು ಎಕ್ಕ ಉಳಿದ ಮೂರು ಎಕ್ಕಗಳಿಗಿಂತ ದೊಡ್ಡದಾಗಿ, ಸಿಂಗಾರವಾಗಿ ಇರುವುದು ಆ ಕಾಲದ ಗುರುತು.

ಬೆನ್ನಿನ ನ್ಯಾಯ

ಈಗ ಬೆನ್ನಿನ ಮಾತು. ಮನೆಯಲ್ಲಿ ಮಾಡಿದ ಕಟ್ಟು ಸೋಲುವುದು ಇಲ್ಲಿಯೇ. ಒಂದು ಎಲೆಯ ಹಿಂದೆ ಅಂಟಿನ ಕಲೆ, ಇನ್ನೊಂದರ ಹಿಂದೆ ಹೆಬ್ಬೆರಳಿನ ಗುರುತು, ಮತ್ತೊಂದು ಕೂದಲೆಳೆಯಷ್ಟು ಅಗಲ. ಎರಡು ಆಟ ಆಗುವಷ್ಟರಲ್ಲಿ ಮನೆಯ ಚುರುಕು ಹುಡುಗಿಗೆ ಕಲೆ ಇರುವುದು ಆಟೀನು ರಾಣಿ ಎಂಬುದು ಗೊತ್ತಾಗಿಬಿಟ್ಟಿರುತ್ತದೆ. ಅಲ್ಲಿಗೆ ಆಟ ಮುಗಿಯಿತು.

ಯುರೋಪಿನ ಎಲೆಗಳ ಬೆನ್ನು ಬಹುಕಾಲ ಬರೀ ಬಿಳಿಯಾಗಿತ್ತು. ಬಿಳಿಯ ಮೇಲೆ ಕೊಳೆ ಬೇಗ ಕಾಣುತ್ತದೆ. ಕೊಳೆಯಾದ ಎಲೆ ಗುರುತು ಹತ್ತಿದ ಎಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆನ್ನಿಗೆ ಬಳ್ಳಿ, ಚೌಕುಳಿಗಳ ಚಿತ್ತಾರ ಬಂದದ್ದಕ್ಕೆ ಅಂದದಷ್ಟೇ ಈ ಕೊಳೆಯೂ ಕಾರಣ. ಆದರೆ ಚಿತ್ತಾರಕ್ಕೆ ಅದರದೇ ಅಪಾಯವಿದೆ. ಹಾಳೆಯನ್ನು ಕತ್ತರಿಸುವಾಗ ಕತ್ತರಿ ಒಂದು ಕೂದಲಷ್ಟು ಸರಿದರೆ ಎಡ ಅಂಚಿನಲ್ಲಿ ಪೂರ್ತಿ ಹೂವು, ಬಲ ಅಂಚಿನಲ್ಲಿ ಅರ್ಧ ಹೂವು ಬರುತ್ತದೆ. ಅಂಥ ಎಲೆಯನ್ನು ತಿರುಗಿಸಿಟ್ಟರೆ ಬೆನ್ನಿನಿಂದಲೇ ಗುರುತಿಸಬಹುದು.

ಇದು ಬರೀ ಊಹೆಯಲ್ಲ. 2012ರಲ್ಲಿ ಲಂಡನ್ನಿನ ಕ್ರಾಕ್‌ಫರ್ಡ್ಸ್ ಎಂಬ ಜೂಜುಮನೆಯಲ್ಲಿ ಅಮೆರಿಕದ ಹೆಸರಾಂತ ಆಟಗಾರ ಫಿಲ್ ಐವಿ ಸುಮಾರು 77 ಲಕ್ಷ ಪೌಂಡು ಗೆದ್ದರು. ಯಂತ್ರದಲ್ಲೇ ತಯಾರಾದ ಆ ಎಲೆಗಳ ಎರಡು ಉದ್ದ ಅಂಚುಗಳಲ್ಲಿ ಚಿತ್ತಾರ ಒಂದೇ ಸಮನಾಗಿ ಕತ್ತರಿಸಿರಲಿಲ್ಲ. ಒಳ್ಳೆಯ ಎಲೆಗಳು ಬಂದಾಗ ಶಕುನದ ನೆಪ ಹೇಳಿ ಅವನ್ನು ತಿರುಗಿಸಿ ಇಡಿಸಿಕೊಂಡಿದ್ದರು. ಆಮೇಲೆ ಬೆನ್ನು ನೋಡಿಯೇ ಎಲೆ ತಿಳಿಯುತ್ತಿತ್ತು. ಜೂಜುಮನೆ ಹಣ ಕೊಡಲಿಲ್ಲ. ಮೊಕದ್ದಮೆ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಇದು ಮೋಸವೇ ಎಂದು 2017ರಲ್ಲಿ ತೀರ್ಪಾಯಿತು. ಕೂದಲೆಳೆಯ ಅಂಚಿಗೆ ಅಷ್ಟು ಬೆಲೆ!

ನಮ್ಮ ಗಂಜೀಫಾ ಮಾಡುವವರು ಈ ತೊಡಕಿನಿಂದ ಸರಳವಾಗಿ ಪಾರಾಗಿದ್ದರು. ಅವರ ಎಲೆ ಗುಂಡಗೆ. ತಿರುಗಿಸಲು ಮೇಲು ಕೆಳಗು ಎಂಬುದಿಲ್ಲ, ಮುರಿಯಲು ಮೂಲೆ ಇಲ್ಲ. ಬೆನ್ನಿಗೆ ಸಾಮಾನ್ಯವಾಗಿ ಒಂದೇ ಬಣ್ಣ, ಹೆಚ್ಚಾಗಿ ಕೆಂಪು. ಅದರ ಮೇಲೆ ಅರಗಿನ ಮೆರುಗು. ಅರಗಿನ ಮೇಲೆ ಕೊಳೆ ನಿಲ್ಲುವುದಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದೂ ಅರಗೇ. ಮನೆಯಲ್ಲಿ ಮಾಡುವವರು ಬಡಗಿಗಳು ಬಳಸುವ ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ತೆಳುವಾಗಿ ಎರಡು ಸಲ ಹಚ್ಚಬಹುದು. ಒಲೆ, ದೀಪ ಹತ್ತಿರ ಇರಬಾರದು.

ಚೌಕದ ಎಲೆಗೂ ಒಂದೇ ಬಣ್ಣದ ಬೆನ್ನು ಕ್ಷೇಮ. ಚಿತ್ತಾರ ಬೇಕೇ ಬೇಕೆಂದರೆ ಅಂಚು ಮುಟ್ಟದಂತೆ ಸುತ್ತ ಬಿಳಿ ಜಾಗ ಬಿಡುವುದಕ್ಕಿಂತ, ಸಾಸಿವೆಯಷ್ಟು ಸಣ್ಣ ಚುಕ್ಕೆಗಳನ್ನು ಒತ್ತೊತ್ತಾಗಿ ಹಾಳೆಯ ತುಂಬ ಎರಚುವುದು ವಾಸಿ. ಬಿಳಿ ಅಂಚು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆದರೆ ತಕ್ಷಣ ಕಾಣುತ್ತದೆ.

ಬೆನ್ನು ಒಂದೇ ಇದ್ದರೂ ಎಲೆ ತನ್ನ ಗುಟ್ಟು ಬಿಟ್ಟುಕೊಡುವ ಇನ್ನೊಂದು ದಾರಿ ಬೆಳಕು. ಎದುರು ಕುಳಿತವರ ಹಿಂದೆ ಕಿಟಕಿ ಇದ್ದರೆ ತೆಳು ಎಲೆಯ ಮೂಲಕ ಹತ್ತು ಗುರುತುಗಳೂ ನೆರಳಾಗಿ ಕಾಣುತ್ತವೆ. ಒಳ್ಳೆಯ ಕಾರ್ಖಾನೆ ಎಲೆಗಳಲ್ಲಿ ಎರಡು ಹಾಳೆಗಳ ನಡುವಿನ ಅಂಟಿಗೆ ಕಪ್ಪು ಬೆರೆಸಿರುತ್ತಾರೆ. ಎಲೆಯ ಅಂಚನ್ನು ಹರಿದು ನೋಡಿದರೆ ನಡುವೆ ಕಪ್ಪು ಗೆರೆ ಕಾಣುವುದು ಅದರಿಂದ. ನಮ್ಮ ಸರಿಗೂ ಚಿಟಿಕೆ ಕಾಡಿಗೆ ಬೆರೆಸಿದರಾಯಿತು. ಎಲೆ ಸಿದ್ಧವಾದ ಮೇಲೆ ಬಿಸಿಲಿಗೆ ಹಿಡಿದು ನೋಡಿ: ಮುಖ ಬೆನ್ನಿಗೆ ಕಾಣದಿದ್ದರೆ ಅದು ಎಲೆ, ಕಂಡರೆ ಬರಿಯ ಚಿತ್ರ.

ಗೋಡೆಗೇರಿದ ರಾಜ

ಮುಮ್ಮಡಿಯವರು ಆಡಳಿತ ಕಳೆದುಕೊಂಡ ಅದೇ 1831ರಲ್ಲಿ ಲಂಡನ್ನಿನ ಥಾಮಸ್ ಡಿ ಲಾ ರೂ ಎಲೆಗಳನ್ನು ಬಣ್ಣದಲ್ಲಿ ಮುದ್ರಿಸುವ ತನ್ನ ಕ್ರಮಕ್ಕೆ ಪೇಟೆಂಟು ಪಡೆದ. ಒಂದೇ ಸಮನಾದ ಬೆನ್ನುಳ್ಳ ಎಲೆಗಳು ಸಾವಿರಗಟ್ಟಲೆ ಹೊರಬಂದವು. ಬೆನ್ನಿನ ಸಮತೆಯಲ್ಲಿ ಯಂತ್ರದೊಡನೆ ಕೈ ಸ್ಪರ್ಧಿಸಲಾರದು, ಬೆಲೆಯಲ್ಲಂತೂ ಸಾಧ್ಯವೇ ಇಲ್ಲ. 120 ಎಲೆಯ ಆಟದ ಜಾಗಕ್ಕೆ 52 ಎಲೆಯ ಆಟ ಬಂತು.

ಗಂಜೀಫಾ ಪೂರ್ತಿ ಅಳಿಯಲಿಲ್ಲ. ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ಶಿವರಾಮರಾಜೆ ಭೋಂಸ್ಲೆ ಮತ್ತು ರಾಣಿ ಸತ್ವಶೀಲಾದೇವಿಯವರು 1970ರ ದಶಕದಲ್ಲಿ ಉಳಿದಿದ್ದ ಚಿತಾರಿಗಳಿಂದ ಈ ವಿದ್ಯೆ ಕಲಿತು ಅರಮನೆಯಲ್ಲೇ ಕಾರ್ಯಾಗಾರ ನಡೆಸಿದರು. ಮೈಸೂರು ಶೈಲಿಗೆ ಮರುಜೀವ ಕೊಟ್ಟವರಲ್ಲಿ ಗಂಜೀಫಾ ರಘುಪತಿ ಭಟ್ಟ ಎಂದೇ ಹೆಸರಾದ ಕಲಾವಿದರು ಮುಖ್ಯರು. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ಪ್ರಕಟಿಸಿದ ರುಡಾಲ್ಫ್ ಫಾನ್ ಲೇಡನ್ ಅವರ ಪುಸ್ತಕದಿಂದ ಹೊರಗಿನವರಿಗೂ ಇದರ ಪರಿಚಯವಾಯಿತು. ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಇಷ್ಟಾದರೂ ಒಂದು ಕೊರತೆ ಉಳಿದಿದೆ. ಇಂದು ಗಂಜೀಫಾ ಕೊಳ್ಳುವವರಲ್ಲಿ ಹೆಚ್ಚಿನವರು ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಗೋಡೆಗೆ ಬೇಕಾದದ್ದು ರಾಜ, ಮಂತ್ರಿ ಮಾತ್ರ. ಮೀನಿನ ಎರಡನ್ನು, ಕೊಡಲಿಯ ಏಳನ್ನು ಯಾರೂ ಕೇಳುವುದಿಲ್ಲ. ಬೆನ್ನು ಗೋಡೆಯ ಕಡೆಗಿರುವುದರಿಂದ ಅದು ಹೇಗಿದ್ದರೂ ನಡೆಯುತ್ತದೆ. ಚಿತ್ರ ಉಳಿಯಿತು, ಎಲೆ ಹೋಯಿತು. ಆಟ ಬಲ್ಲವರು ಕಡಿಮೆಯಾದಂತೆ ಇಡೀ ಕಟ್ಟು ಮಾಡುವ ಕಾರಣವೂ ಕಡಿಮೆಯಾಗುತ್ತದೆ. ಕಟ್ಟು ಇಲ್ಲದೆ ಆಟ ಕಲಿಯುವುದಾದರೂ ಹೇಗೆ?

ಈ ಗಂಟನ್ನು ಬಿಚ್ಚಲು ಮನೆಗಳಿಂದ ಸಾಧ್ಯ. ಮೊದಲಿಗೆ 120 ಎಲೆಯ ಸಾಹಸ ಬೇಡ. ನಾಲ್ಕು ಜಾತಿ, ಜಾತಿಗೆ ಹನ್ನೆರಡು, ಒಟ್ಟು 48 ಎಲೆ ಮಾಡಬಹುದು. ಮೂವರಿಗೆ ಹದಿನಾರು ಹದಿನಾರು ಸರಿಯಾಗಿ ಹಂಚಿಕೆಯಾಗುತ್ತದೆ. ಬರೆಯಬೇಕಾದ ಚಿತ್ರ ಎಂಟು, ಒತ್ತಬೇಕಾದ ಗುರುತು 220; ರಜೆಯ ಒಂದು ವಾರದ ಕೆಲಸ. ಜಾತಿಗಳನ್ನು ನಾವೇ ಆರಿಸಿಕೊಳ್ಳಬಹುದು. ಮುಮ್ಮಡಿಯವರು ತಮಗೆ ಬೇಕಾದ ಜಾತಿಗಳನ್ನು ತಾವೇ ಕಟ್ಟಿಕೊಂಡರಲ್ಲವೇ? ತಾವರೆಕೆರೆಯ ಮನೆಯಾದರೆ ತಾವರೆ, ಹುಣಸೆ, ರಾಗಿತೆನೆ, ಕಡಲೇಕಾಯಿ. ಎರಡು ಜಾತಿಗಳಲ್ಲಿ ಹತ್ತು ದೊಡ್ಡದು, ಎರಡರಲ್ಲಿ ಒಂದು ದೊಡ್ಡದು ಎಂದು ನಿಶ್ಚಯಿಸಿಕೊಂಡರೆ ಹಳೆಯ ಗಂಜೀಫಾದ ಮುಖ್ಯ ಸೊಗಸು ಕೈಗೆ ಬರುತ್ತದೆ. ಹಗಲಿನಲ್ಲಿ ಯಾವ ರಾಜ ಆರಂಭಿಸಬೇಕು, ರಾತ್ರಿ ಯಾವ ರಾಜ ಎಂಬುದನ್ನು ಮಕ್ಕಳೇ ತೀರ್ಮಾನಿಸಲಿ. ಸೂರ್ಯನಿಗೆ ಮುಖ ಮಾಡಿ ಅರಳುವ ಹೂವಿಗೆ ಹಗಲಿನ ಹಕ್ಕು ಸಲ್ಲುವುದು ನ್ಯಾಯವೇ.

ಪಣಕ್ಕೆ ಹಣವಿಲ್ಲದೆಯೂ ಎಲೆಯಾಟಕ್ಕೆ ಬೆಲೆಯಿದೆ ಎಂಬುದು ಇಂಥ ಕಟ್ಟಿನಿಂದ ಗೊತ್ತಾಗುತ್ತದೆ. ಒಂದೊಂದು ಎಲೆಯ ಬೆನ್ನನ್ನೂ ಪಕ್ಕದ ಎಲೆಗೆ ಹೋಲಿಸಿ, ಸರಿಯಿಲ್ಲದ್ದನ್ನು ತೆಗೆದು, ಮತ್ತೆ ಮಾಡಿ ಕೂರಿಸಿದ ಮಗುವಿಗೆ, ಎಲ್ಲರಿಗೂ ಒಂದೇ ನಿಯಮ ಎಂದರೇನು ಎಂಬುದನ್ನು ಬೇರೆ ಹೇಳಿಕೊಡಬೇಕಾಗುವುದಿಲ್ಲ. ರಾಜನ ಬೆನ್ನೂ ಎರಡರ ಬೆನ್ನೂ ಒಂದೇ ಎಂಬುದು ಅದಕ್ಕೆ ಕೈಯಿಂದಲೇ ತಿಳಿದಿರುತ್ತದೆ.